ಕುರನೂರು ಹಿನ್ನೀರಿಗೆ ಬಂದ ಪಟ್ಟೆತಲೆ ಹೆಬ್ಬಾತುಗಳು: ಕಡಲೆ ಹೊಲಕ್ಕೆ ಯಾಕೆ ಇಳಿಯುತ್ತಿವೆ?

ಬೋರಿ ದಂಡೆ
ಡಿಸೆಂಬರ್ 28

ಎಲ್ಲರಿಗೂ ನಮಸ್ಕಾರ. ನಾನು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲಿ ಕನ್ನಡ ಶಾಲೆಯ ಮಾಸ್ತರ. ನನ್ನ ಸೋದರಮಾವನ ಹೊಲ ಕುರನೂರು ಡ್ಯಾಮಿನ ಹಿನ್ನೀರಿಗೆ ಹತ್ತಿಕೊಂಡೇ ಇದೆ. ಹತ್ತು ದಿನದಿಂದ ಅಲ್ಲಿ ದೊಡ್ಡ ಬಾತುಗಳ ಹಿಂಡು ಬಂದು ಕೂತಿದೆ. ಮೊನ್ನೆ ನಸುಕಿನಲ್ಲಿ ಎದ್ದು ನೋಡಲು ಹೋಗಿದ್ದೆ.

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ನೀರಿನ ಮೇಲೆ ಮಂಜು. ಮೊದಲು ಸದ್ದು ಬಂತು. ಮೂಗಿನಿಂದ ಕೂಗಿದ ಹಾಗೆ ‘ಆಂಗ್... ಆಂಗ್’ ಅಂತ. ಒಂದು ಕೂಗಿದರೆ ಇನ್ನೊಂದು ಓಗೊಡುತ್ತಿತ್ತು. ಆಮೇಲೆ ಎರಡು ಸಾಲು ಮಾಡಿಕೊಂಡು ನನ್ನ ತಲೆಯ ಮೇಲೆಯೇ ಹಾದು ಬಂದವು. ರೆಕ್ಕೆಯ ಸಪ್ಪಳ ಕೇಳುವಷ್ಟು ಹತ್ತಿರ. ಕಡಲೆ ಹೊಲದ ಮೇಲೆ ಬರುತ್ತಲೇ ಕೆಲವು ಮೈ ಓರೆ ಮಾಡಿ ಗಾಳಿಯಲ್ಲಿ ಜಾರಿದವು. ಕಾಲು ಚಾಚಿ, ರೆಕ್ಕೆ ಅಗಲಿಸಿ, ಮೆಲ್ಲಗೆ ಇಳಿದವು. ಇಳಿದ ಕೂಡಲೇ ಮೇಯಲಿಲ್ಲ. ಎಲ್ಲವೂ ಕೊರಳು ನೆಟ್ಟಗೆ ಎತ್ತಿ ಸುತ್ತ ನೋಡಿದವು. ಬದುವಿನ ಹಿಂದೆ ಕೂತಿದ್ದ ನಾನು ಉಸಿರು ಬಿಡಲಿಲ್ಲ.

ಮೈ ಬೂದು ಬಣ್ಣ. ತಲೆ ಬಿಳಿ. ಹಿಂದಲೆಗೆ ಕಾಡಿಗೆಯಲ್ಲಿ ಎರಡು ಗೆರೆ ಎಳೆದ ಹಾಗೆ ಕಪ್ಪು ಪಟ್ಟೆ. ಕೊಕ್ಕು, ಕಾಲು ಎರಡೂ ಅರಿಸಿನ-ಕಿತ್ತಳೆ ನಡುವಿನ ಬಣ್ಣ. 63 ಎಣಿಸಿದೆ. ಅದರಲ್ಲಿ 14ಕ್ಕೆ ತಲೆಯ ಮೇಲೆ ಪಟ್ಟೆಯೇ ಇರಲಿಲ್ಲ.

ನನಗೆ ಖುಷಿ, ಮಾವನಿಗೆ ಸಂಕಟ. ಅವರ ಒಂದೂವರೆ ಎಕರೆ ಕಡಲೆಯಲ್ಲಿ ನೀರಿನ ಕಡೆಯ ಭಾಗವನ್ನು ಇವು ಮೇಯುತ್ತಿವೆ. ಮಾವ ಪಟಾಕಿ ತಂದಿಟ್ಟಿದ್ದಾರೆ. ‘ಒಂದು ವಾರ ತಡೆಯಿರಿ, ತಿಳಿದವರನ್ನು ಕೇಳುತ್ತೇನೆ’ ಅಂತ ಹೇಳಿ ಬಂದಿದ್ದೇನೆ. ಇವು ಯಾವ ಬಾತು? ಎಷ್ಟು ದಿನ ಇರುತ್ತವೆ? ಬೆಳೆಯೂ ಉಳಿಯಬೇಕು, ಹಕ್ಕಿಗೂ ತೊಂದರೆ ಆಗಬಾರದು. ದಾರಿ ಇದೆಯಾ?

ಹಿಪ್ಪರಗಾ ಹಕ್ಕಿ
ಡಿಸೆಂಬರ್ 28

ಮಾಸ್ತರರೇ, ನೀವು ನೋಡಿದ್ದು ಪಟ್ಟೆತಲೆ ಹೆಬ್ಬಾತು. ಮರಾಠಿಯಲ್ಲಿ ‘ಪಟ್ಟಕಾದಂಬ’ ಅನ್ನುತ್ತಾರೆ. ನಿಮ್ಮ ವಿವರಣೆ ಓದಿದರೆ ಅನುಮಾನವೇ ಬೇಡ. ಭಾರತಕ್ಕೆ ಬರುವ ಬೇರೆ ಯಾವ ಬಾತಿಗೂ ತಲೆಯ ಮೇಲೆ ಹಾಗೆ ಎರಡು ಕಪ್ಪು ಪಟ್ಟೆ ಇರುವುದಿಲ್ಲ. ಒಂದು ಪಟ್ಟೆ ನೆತ್ತಿಯ ಹಿಂದೆ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿನವರೆಗೆ ಬರುತ್ತದೆ. ಅದರ ಕೆಳಗೆ ಇನ್ನೊಂದು, ಸ್ವಲ್ಪ ಚಿಕ್ಕದು. ಪಟ್ಟೆ ಇಲ್ಲದ ಆ 14 ಈ ವರ್ಷದ ಮರಿಗಳು. ಇದೇ ಬೇಸಿಗೆಯಲ್ಲಿ ಮೊಟ್ಟೆಯೊಡೆದು ಬಂದು, ಹಾರಲು ಕಲಿತು, ಹಿಮಾಲಯ ದಾಟಿ ನಿಮ್ಮ ಬದುವಿನ ಮುಂದೆ ಇಳಿದಿವೆ. ನನಗಂತೂ ಪ್ರತಿ ವರ್ಷ ಈ ಮಾತು ನೆನೆದಾಗ ಮೈ ಜುಂ ಅನ್ನುತ್ತದೆ.

ಇವುಗಳ ತವರು ಮಂಗೋಲಿಯಾ, ಟಿಬೆಟ್, ಚೀನಾದ ಚಿಂಗ್‌ಹಾಯ್ ಸರೋವರ, ಕಿರ್ಗಿಸ್ತಾನ. ನಮ್ಮ ದೇಶದೊಳಗೆ ಲಡಾಖಿನಲ್ಲೂ ಮರಿ ಮಾಡುತ್ತವೆ. ಸುಮಾರು 4,500 ಮೀಟರ್ ಎತ್ತರದ ತ್ಸೋ ಮೊರಿರಿ ಸರೋವರದ ನಡುಗಡ್ಡೆಗಳಲ್ಲಿ ನೆಲದ ಮೇಲೆಯೇ ಗೂಡು ಕಟ್ಟುತ್ತವೆ. ಹೆಣ್ಣು ತಿಂಗಳ ಹತ್ತಿರ ಕಾವು ಕೂರುತ್ತದೆ, ಗಂಡು ಪಕ್ಕದಲ್ಲೇ ಕಾವಲು ನಿಲ್ಲುತ್ತದೆ. ಮರಿ ಬೆಳೆಯುವ ಹೊತ್ತಿಗೆ ದೊಡ್ಡ ಹಕ್ಕಿಗಳು ರೆಕ್ಕೆಯ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸುತ್ತವೆ. ಆಗ ಕೆಲವು ವಾರ ಹಾರಲು ಬರುವುದಿಲ್ಲ. ಹೊಸ ಗರಿ ಬಂದ ಮೇಲೆ, ಚಳಿ ಬೀಳುವ ಮುಂಚೆ, ಸಂಸಾರ ಸಮೇತ ದಕ್ಷಿಣಕ್ಕೆ ಹೊರಡುತ್ತವೆ.

ನಮ್ಮ ಸೊಲ್ಲಾಪುರ ಕಡೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಕಾಣುತ್ತವೆ, ಮಾರ್ಚಿನಲ್ಲಿ ಹೋಗುತ್ತವೆ. ಹಿಪ್ಪರಗಾ ಕೆರೆಯಲ್ಲಿ, ಉಜನಿ ಹಿನ್ನೀರಿನಲ್ಲಿ ನಾನು ನೋಡಿದ್ದೇನೆ.

ದಯವಿಟ್ಟು ಪಟಾಕಿ ಹೊಡೆಯಲು ಬಿಡಬೇಡಿ. ಹೆದರಿ ಎದ್ದ ಹಿಂಡು ಪಕ್ಕದ ಹೊಲಕ್ಕೆ ಇಳಿಯುತ್ತದೆ, ಅಷ್ಟೇ. ಸಂಕಟ ಮಾವನಿಂದ ಪಕ್ಕದವರಿಗೆ ಹೋಗುತ್ತದೆ. ಇನ್ನೊಂದು ಮಾತು. ಇವುಗಳನ್ನು ಹಿಡಿಯುವುದು, ಹೊಡೆಯುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಮಾಲದಂಡಿ
ಡಿಸೆಂಬರ್ 29

ಮಾಸ್ತರ, ನಾನು ಮೈಂದರ್ಗಿ ಕಡೆಯ ರೈತ. ವಯಸ್ಸು 66. ಹಿಮಾಲಯದ ಮಾತು ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ಮಾವನ ಸಂಕಟವನ್ನು ಯಾರೂ ಹಗುರ ಮಾಡಬಾರದು.

ಹಿಂಗಾರಿ ಬೆಳೆ ಅಂದರೆ ನಮಗೆ ಒಂದೇ ಅವಕಾಶ. ಮಳೆ ಕೈಕೊಟ್ಟರೆ ಜೋಳ ಹೋಯಿತು, ಕಡಲೆಯೂ ಹೋಯಿತು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಎಲ್ಲಕ್ಕೂ ಮೊದಲೇ ದುಡ್ಡು ಹಾಕಿರುತ್ತೇವೆ. ಮೂರು ವರ್ಷದ ಹಿಂದೆ ನನ್ನ ಕೆರೆ ಕಡೆಯ ಹೊಲದಲ್ಲಿ ಮೊಳಕೆ ಬಂದ ಕಡಲೆಯನ್ನು ಇವೇ ಬಾತುಗಳು ಎಂಟು ದಿನದಲ್ಲಿ ಬೋಳು ಮಾಡಿದವು. ಒಂದು ಕಚೇರಿಗೆ ಅರ್ಜಿ ಕೊಟ್ಟೆ. ‘ಹಂದಿ ತಿಂದಿದ್ದರೆ ಹೇಳಿ, ಹಕ್ಕಿಗೆ ನಾವೇನು ಮಾಡೋಣ’ ಅಂದು ಕಳಿಸಿದರು. ಅವತ್ತು ಮನಸ್ಸಿಗೆ ಬಹಳ ಬೇಜಾರಾಯಿತು.

ನನಗೆ ಹಕ್ಕಿಯ ಮೇಲೆ ಸಿಟ್ಟಿಲ್ಲ. ಜೋಳ ಹಾಲುಗಾಳಾದಾಗ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಬೆಳೆದವನು ನಾನು. ಹಕ್ಕಿಗೂ ಒಂದು ಪಾಲು ಇದೆ ಅಂತ ನಮ್ಮ ಅಪ್ಪ ಹೇಳುತ್ತಿದ್ದರು. ಪಾಲು ಎಷ್ಟು ಅನ್ನುವುದು ಗೊತ್ತಾಗಬೇಕು. ಮಾಸ್ತರ, ಒಂದು ಕೆಲಸ ಮಾಡಿ. ಹೊಲದಲ್ಲಿ ನಿಂತು ಅಳತೆ ಮಾಡಿ. ಎಷ್ಟು ಗುಂಟೆ ತಿಂದಿವೆ, ಗಿಡದ ಯಾವ ಭಾಗ ತಿಂದಿವೆ, ಬೇರು ಕಿತ್ತಿವೆಯೋ ಇಲ್ಲವೋ, ನೋಡಿ ಬರೆಯಿರಿ. ಆಮೇಲೆ ಮಾತಾಡೋಣ.

ಬೋರಿ ದಂಡೆ
ಡಿಸೆಂಬರ್ 31

ಕಾಕಾ, ನೀವು ಹೇಳಿದ ಹಾಗೆ ಮಾಡಿದೆ. ನಿನ್ನೆ ಮಧ್ಯಾಹ್ನ ಹಿಂಡು ನೀರಿನ ನಡುವೆ ಇದ್ದಾಗ ಮಾವನ ಜೊತೆ ಹೊಲದಲ್ಲಿ ಸಾಲು ಸಾಲು ತಿರುಗಿದೆ.

ನೀರಿಗೆ ಹತ್ತಿರದ ಅಂಚಿನಲ್ಲಿ ಎರಡು ಗುಂಟೆಯಷ್ಟು ಪೂರಾ ಮೇಯ್ದಿವೆ. ಅಲ್ಲಿ ಕೆಲವು ಗಿಡ ಬುಡ ಸಮೇತ ಕಿತ್ತಿವೆ, ಮಣ್ಣು ಹಸಿ ಇರುವುದರಿಂದ. ಅದರಾಚೆ ಐದಾರು ಗುಂಟೆಯಲ್ಲಿ ಕುಡಿ ಮಾತ್ರ ತಿಂದಿವೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇಲ್ಲ, ಹರಿದು ಎಳೆದ ಹಾಗೆ ಇದೆ. ಎಲೆಯ ತುದಿ ಸೀಳಿದೆ. ಉಳಿದ ಹೊಲಕ್ಕೆ ಬಂದೇ ಇಲ್ಲ. ಹೊಲದ ಆ ಕಡೆ ಜಾಲಿಗಿಡ, ಅದರ ಹಿಂದೆ ಕಬ್ಬು.

ನೆಲದ ತುಂಬ ಹಿಕ್ಕೆ. ಬೆರಳುದ್ದ, ಹಸಿರು, ಒಂದು ತುದಿಗೆ ಬಿಳಿ ಬಳಿದ ಹಾಗೆ. ಒಂದನ್ನು ಕಡ್ಡಿಯಿಂದ ಒಡೆದು ನೋಡಿದೆ. ಒಳಗೆ ಬರೀ ನಾರು, ಹುಲ್ಲಿನ ಚೂರು. ವಾಸನೆಯೇ ಇಲ್ಲ. ಅದರಲ್ಲಿ ಕಡಲೆ ಎಲೆಗಿಂತ ಹುಲ್ಲೇ ಜಾಸ್ತಿ ಕಂಡಿತು. ಇದು ನನಗೆ ಆಶ್ಚರ್ಯ ಅನ್ನಿಸಿತು.

ಕಡಲೆಗೆ ಈಗ ಮೂವತ್ತು ದಿನ. ಹೂ ಬಂದಿಲ್ಲ.

ಮಾಲದಂಡಿ
ಡಿಸೆಂಬರ್ 31

ಶಾಭಾಸ್ ಮಾಸ್ತರ. ಹೀಗೆ ಬೇಕು.

ಮೂವತ್ತು ದಿನದ ಕಡಲೆ ಅಂದರೆ ಮನೆ ಹೆಂಗಸರು ಕುಡಿ ಚಿವುಟುವ ಹೊತ್ತು. ಕುಡಿ ಚಿವುಟಿದರೆ ಪಕ್ಕದಿಂದ ಕವಲು ಒಡೆಯುತ್ತದೆ, ಗಿಡ ಗುಬುರಾಗುತ್ತದೆ, ಕಾಯಿ ಜಾಸ್ತಿ ಹಿಡಿಯುತ್ತದೆ. ಚಿವುಟಿದ ಸೊಪ್ಪು ನಮಗೆ ರೊಟ್ಟಿಯ ಜೊತೆ ಪಲ್ಯ. ಹಾಗಾಗಿ ಆ ಐದಾರು ಗುಂಟೆಗೆ ನಿಮ್ಮ ಮಾವ ಚಿಂತೆ ಮಾಡುವುದು ಬೇಡ. ಚಿಗುರುತ್ತದೆ. ಕಿತ್ತು ಹಾಕಿದ ಎರಡು ಗುಂಟೆ ಹೋಯಿತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಹೂ ಬಂದ ಮೇಲೆ ಮೇಯ್ದರೆ ನಿಜವಾದ ನಷ್ಟ. ಅದಕ್ಕೆ ಇನ್ನು ಹದಿನೈದು ದಿನದೊಳಗೆ ದಾರಿ ಹುಡುಕಬೇಕು.

ದುಧನಿ ಓದುಗ
ಜನವರಿ 1

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇವು ಎವರೆಸ್ಟ್ ಶಿಖರದ ಮೇಲೆ ಹಾರುತ್ತವೆ ಅಂತ ಎಲ್ಲೋ ಓದಿದ್ದೆ. ನಿಜವಾ? ಮತ್ತೆ ಮರಾಠಿಯವರು ಹಂಸ ಅನ್ನುತ್ತಾರಲ್ಲ, ನಮ್ಮ ಕಾವ್ಯದ ಹಂಸ ಇದೇನಾ?

ಹಿಪ್ಪರಗಾ ಹಕ್ಕಿ
ಜನವರಿ 1

ಎವರೆಸ್ಟ್ ಮಾತು ಹಳೆಯದು, ಪರ್ವತ ಹತ್ತಿದವರು ಹೇಳಿದ್ದು. ಈಚೆಗೆ ಹಕ್ಕಿಗಳಿಗೆ ಸಣ್ಣ ಯಂತ್ರ ಕಟ್ಟಿ ಉಪಗ್ರಹದ ಮೂಲಕ ದಾರಿ ನೋಡಿದ್ದಾರೆ. ಅದರಲ್ಲಿ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಅದೂ ಅಪರೂಪಕ್ಕೆ. ಹಾರಾಟದ ಬಹುಪಾಲು 5,500 ಮೀಟರಿನ ಒಳಗೇ ಇತ್ತು. ಶಿಖರದ ಮೇಲೆ ಹಾಯುವುದಕ್ಕಿಂತ ಕಣಿವೆ, ಘಾಟು ನೋಡಿಕೊಂಡು ಹೋಗುತ್ತವೆ. ನೆಲ ಏರಿದರೆ ಏರುತ್ತವೆ, ನೆಲ ಇಳಿದರೆ ಇಳಿಯುತ್ತವೆ. ಒಮ್ಮೆ ಮೇಲೇರಿ ಅಲ್ಲೇ ಹಾರುವುದಕ್ಕಿಂತ ಇದರಲ್ಲಿ ಶಕ್ತಿ ಉಳಿಯುತ್ತದೆ ಅಂತ 2015ರಲ್ಲಿ ವಿಜ್ಞಾನಿಗಳು ತೋರಿಸಿದರು. ಮೇಲೆ ಗಾಳಿ ತೆಳು, ರೆಕ್ಕೆಗೆ ಆಸರೆ ಸಿಗುವುದಿಲ್ಲ, ಅದಕ್ಕೆ. ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು ಹಾರುತ್ತವೆ. ತಂಪು ಗಾಳಿ ದಟ್ಟ ಇರುತ್ತದೆ. ಮತ್ತೆ ಹಿಂದಿನಿಂದ ತಳ್ಳುವ ಗಾಳಿಗಾಗಿ ಕಾಯುವುದಿಲ್ಲ, ತಮ್ಮ ರೆಕ್ಕೆ ಬಡಿದೇ ಏರುತ್ತವೆ.

ಮೈಯೂ ಅದಕ್ಕೆ ತಕ್ಕ ಹಾಗೆ ಇದೆ. ಶ್ವಾಸಕೋಶ ಬಯಲು ನಾಡಿನ ಬಾತುಗಳಿಗಿಂತ ದೊಡ್ಡದು. ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬೇಗ ಹಿಡಿಯುತ್ತದೆ. ಎರಡು ಮೂರು ಕಿಲೋ ತೂಕದ ಹಕ್ಕಿ ರೀ ಇದು. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್.

ಇನ್ನು ಹಂಸದ ಮಾತು. ಇದರ ಕುಲಕ್ಕೆ ವಿಜ್ಞಾನದ ಹೆಸರು ‘ಆನ್ಸರ್’, ಲ್ಯಾಟಿನ್ ಪದ. ಸಂಸ್ಕೃತದ ‘ಹಂಸ’ವೂ ಅದೂ ಒಂದೇ ಬೇರಿನಿಂದ ಬಂದ ಪದಗಳು. ಪೂರ್ತಿ ಹೆಸರು ‘ಆನ್ಸರ್ ಇಂಡಿಕಸ್’, ಅಂದರೆ ಭಾರತದ ಹೆಬ್ಬಾತು. ಬಿಳಿ ಹಂಸ ಅಂತ ಚಿತ್ರದಲ್ಲಿ ಬರೆಯುತ್ತಾರಲ್ಲ, ಆ ಹಕ್ಕಿ ಭಾರತಕ್ಕೆ ಬರುವುದು ಬಹಳ ಅಪರೂಪ. ಮಾನಸ ಸರೋವರದ ಕಡೆಯಿಂದ ಸಾಲುಗಟ್ಟಿ ಬಂದು ನಮ್ಮ ಕೆರೆಗಿಳಿಯುವ ಹಕ್ಕಿ ಅಂದರೆ ಇದೇ. ಕವಿಗಳ ಕಣ್ಣ ಮುಂದೆ ಇದ್ದದ್ದು ಇದೇ ಇರಬೇಕು ಅಂತ ನನ್ನ ಅನಿಸಿಕೆ. ಹಳಗನ್ನಡದಲ್ಲಿ ಹಂಸಕ್ಕೆ ‘ಅಂಚೆ’ ಅಂದರು. ಎಷ್ಟು ಚೆಂದದ ಪದ ಅಲ್ವಾ? ನಮ್ಮ ಮಕ್ಕಳಿಗೆ ಅದನ್ನೂ ಹೇಳಿಕೊಡಿ ಮಾಸ್ತರರೇ.

ಶಿರಹಟ್ಟಿ ಸೀಮೆ
ಜನವರಿ 2

ನಾನು ಗದಗ ಜಿಲ್ಲೆಯವನು, ಈಗ ಕೆಲಸಕ್ಕೆ ಸೊಲ್ಲಾಪುರದಲ್ಲಿದ್ದೇನೆ. ನಮ್ಮ ಮಾಗಡಿ ಕೆರೆಯ ಹೆಸರು ನೀವೆಲ್ಲ ಕೇಳಿರಬಹುದು. ಕರ್ನಾಟಕದಲ್ಲಿ ಈ ಬಾತುಗಳು ದೊಡ್ಡ ಸಂಖ್ಯೆಯಲ್ಲಿ ಬರುವ ಜಾಗ. 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆಯೂ ಬಂತು, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗುಗಳ ಪಟ್ಟಿಗೆ ಸೇರಿತು.

ಚಿಕ್ಕಂದಿನಿಂದ ನೋಡಿದ್ದರಿಂದ ಅವುಗಳ ದಿನಚರಿ ಬರೆಯುತ್ತೇನೆ. ಸಂಜೆ ಕತ್ತಲಾಗುವ ಮುಂಚೆ ಗುಂಪು ಗುಂಪಾಗಿ ಎದ್ದು ಹೊಲಕ್ಕೆ ಹೋಗುತ್ತವೆ. ರಾತ್ರಿ ಮೇಯುತ್ತವೆ, ನಸುಕಿನಲ್ಲೂ ಮೇಯುತ್ತವೆ. ಬಿಸಿಲು ಏರುತ್ತಲೇ ಕೆರೆಗೆ ಮರಳುತ್ತವೆ. ಹಗಲೆಲ್ಲ ನೀರಿನ ನಡುವೆ ಇಲ್ಲವೇ ದಂಡೆಯ ಬಯಲಿನಲ್ಲಿ ನಿದ್ದೆ. ಕೊಕ್ಕನ್ನು ಬೆನ್ನಿನ ಗರಿಯೊಳಗೆ ಇಟ್ಟು, ಒಂದು ಕಾಲ ಮೇಲೆ ನಿಂತು ಮಲಗುತ್ತವೆ. ಆದರೆ ಹಿಂಡಿನಲ್ಲಿ ಕೆಲವು ಯಾವಾಗಲೂ ತಲೆ ಎತ್ತಿಯೇ ಇರುತ್ತವೆ. ಆ ಕಾವಲಿನವು ಕೂಗಿದರೆ ಇಡೀ ಹಿಂಡು ಏಳುತ್ತದೆ.

ನಮ್ಮ ಕಡೆ ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ ಆರಿಸಿ ತಿನ್ನುತ್ತವೆ. ಕಡಲೆಗೂ ಇಳಿಯುತ್ತವೆ. ಮೊದಮೊದಲು ಜಗಳ ಇತ್ತು. ಈಗ ಊರವರೇ ಹಕ್ಕಿ ಬಂದವಾ ಅಂತ ದಾರಿ ನೋಡುತ್ತಾರೆ. ಹಿಕ್ಕೆ ಬಿದ್ದ ಹೊಲಕ್ಕೆ ಗೊಬ್ಬರ ಆಗುತ್ತದೆ ಅನ್ನುತ್ತಾರೆ.

ಮಾಸ್ತರರೇ, ನನ್ನದು ಒಂದೇ ಪ್ರಶ್ನೆ. ಮೇಯ್ದ ಆ ಜಾಗದಲ್ಲಿ ಹೋದ ವರ್ಷ ಏನು ಬೆಳೆ ಇತ್ತು?

ಬೋರಿ ದಂಡೆ
ಜನವರಿ 3

ಸರ್, ನಿಮ್ಮ ಪ್ರಶ್ನೆ ಓದಿ ಮಾವನಿಗೆ ಫೋನ್ ಮಾಡಿದೆ. ಹೋದ ವರ್ಷ ಅಲ್ಲಿ ಬೆಳೆಯೇ ಇರಲಿಲ್ಲ. ನೀರು ಇಳಿದಾಗ ಬಿಡುವ ನೆಲ ಅದು. ಕರಿಕೆ, ಜೇಕು ಬೆಳೆಯುತ್ತಿತ್ತು. ನಮ್ಮ ಎಮ್ಮೆ ಮೇಯುತ್ತಿದ್ದವು. ಈ ವರ್ಷ ಮಾವ, ಅಕ್ಕಪಕ್ಕದವರು ಎಲ್ಲರೂ ನೀರಿನ ಅಂಚಿನವರೆಗೆ ಟ್ರ್ಯಾಕ್ಟರ್ ಹೊಡೆಸಿ ಕಡಲೆ ಬಿತ್ತಿದ್ದಾರೆ. ಹಸಿ ಇರುವುದರಿಂದ ನೀರು ಬಿಡದೆ ಬೆಳೆ ಬರುತ್ತದೆ ಅಂತ.

ಮಾವ ಇನ್ನೊಂದು ಮಾತು ಹೇಳಿದರು. ‘ಬಾತು ಹೋದ ವರ್ಷವೂ ಬಂದಿದ್ದವು, ಎಮ್ಮೆ ಜೊತೆಯೇ ಮೇಯುತ್ತಿದ್ದವು, ಆಗ ಯಾರು ನೋಡಿದರು’ ಅಂತ.

ಶಿರಹಟ್ಟಿ ಸೀಮೆ
ಜನವರಿ 3

ನನಗೆ ಅದೇ ಅನುಮಾನ ಇತ್ತು. ಹಾಗಾದರೆ ಅವು ತಮ್ಮ ಹಳೆಯ ಜಾಗಕ್ಕೇ ಬಂದಿವೆ. ಬಾತಿನ ಮರಿಗಳು ದಾರಿ ಕಲಿಯುವುದು ತಂದೆ ತಾಯಿಯ ಜೊತೆ ಹಾರಿಯೇ. ಎಲ್ಲಿ ಹುಲ್ಲು ಸಿಕ್ಕಿತ್ತೋ ಅಲ್ಲಿಗೇ ಮುಂದಿನ ವರ್ಷ ತಾವೂ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹಕ್ಕಿಗಳು ಮೈಸೂರಿನ ಹತ್ತಿರದ ‘ಹದಿನಾರು’ ಅನ್ನುವ ಊರಿನ ಕೆರೆಯಲ್ಲಿ ಕಂಡಿವೆ. ಅಷ್ಟು ದೂರದಿಂದ ಬಂದ ಹಕ್ಕಿಗೆ ಅಲ್ಲಿ ಹುಲ್ಲಿನ ಬದಲು ಕಡಲೆ ಕಂಡರೆ ಅದನ್ನೇ ತಿನ್ನುತ್ತದೆ.

ಇವುಗಳಿಗೆ ಬೇಕಾದದ್ದು ಎರಡು. ಹಗಲು ನಿದ್ದೆಗೆ ತೆರೆದ ನೀರು. ಅದರ ಪಕ್ಕದಲ್ಲೇ ಮೇಯಲು ಗಿಡ್ಡ ಹುಲ್ಲು. ಸುತ್ತ ದೂರದವರೆಗೆ ಕಣ್ಣು ಹಾಯಬೇಕು. ನಿಮ್ಮ ಹೊಲದ ಕಬ್ಬಿನ ಕಡೆಗೆ ಅವು ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಅದೇ ಕಾರಣ. ಎತ್ತರದ ಬೆಳೆಯ ಹಿಂದೆ ನರಿ ಇದೆಯೋ ನಾಯಿ ಇದೆಯೋ ಗೊತ್ತಾಗುವುದಿಲ್ಲ. ಕಬ್ಬು ನಿಂತ ಕಡೆ ಬಾತು ಇಳಿಯುವುದಿಲ್ಲ. ನೀರಿನ ಅಂಚಿನವರೆಗೂ ಕಬ್ಬು ಬಂದರೆ ಬಾತು ಆ ಕೆರೆಯನ್ನೇ ಬಿಡುತ್ತದೆ.

ಭೀಮಾ ತೀರ
ಜನವರಿ 4

ನಮ್ಮದು ಮೀನು ಹಿಡಿಯುವ ಮನೆತನ. ಭೀಮಾ ನದಿ, ಉಜನಿ, ಕುರನೂರು ಎಲ್ಲ ಕಡೆ ಬಲೆ ಹಾಕಿದ್ದೇವೆ. ರಾತ್ರಿ ಲಾರಿ ಟ್ಯೂಬಿನ ಮೇಲೆ ಕೂತು ಬಲೆ ಬಿಡುವಾಗ ಈ ಬಾತುಗಳ ಸದ್ದು ಜೊತೆಗೇ ಇರುತ್ತದೆ.

ಎರಡು ವಿಷಯ ಹೇಳುತ್ತೇನೆ. ಒಂದು, ಇವು ಮೀನು ತಿನ್ನುವುದಿಲ್ಲ. ನಮ್ಮಲ್ಲೂ ಕೆಲವರಿಗೆ ಆ ತಪ್ಪು ತಿಳಿವಳಿಕೆ ಇದೆ. ಮುಳುಗು ಹಾಕುವ ಹಕ್ಕಿಯೇ ಅಲ್ಲ ಇದು. ಎರಡು, ದಂಡೆಯ ತೆಳು ನೀರಿನಲ್ಲಿ ರಾತ್ರಿಯಿಡೀ ಬಿಟ್ಟ ನೈಲಾನ್ ಬಲೆಗೆ ಕಾಲು ಸಿಕ್ಕಿಕೊಳ್ಳುತ್ತದೆ. ಹೋದ ಚಳಿಗಾಲ ಒಂದು ಸಿಕ್ಕಿತ್ತು. ನಾನೂ ನನ್ನ ತಮ್ಮನೂ ಗೋಣಿಚೀಲ ಮುಖಕ್ಕೆ ಮುಚ್ಚಿ, ಬಲೆಯ ಎಳೆ ಒಂದೊಂದೇ ಕತ್ತರಿಸಿ ಬಿಟ್ಟೆವು. ಅದರ ಎದೆ ಕೈಗೆ ತಾಗುತ್ತಿತ್ತು. ಡವಡವ ಬಡಿದುಕೊಳ್ಳುತ್ತಿತ್ತು. ಬಿಟ್ಟಾಗ ನೀರಿನ ಮೇಲೆ ಓಡಿ ಎದ್ದು ಹೋಯಿತು. ಜೋಡಿ ಹಕ್ಕಿ ಅಷ್ಟು ಹೊತ್ತೂ ದೂರದಲ್ಲಿ ಸುತ್ತು ಹಾಕುತ್ತಾ ಕೂಗುತ್ತಿತ್ತು. ಆಮೇಲಿಂದ ನಾವು ಡಿಸೆಂಬರಿನಿಂದ ಮಾರ್ಚಿನವರೆಗೆ ಆಳ ನೀರಿನಲ್ಲಿ ಮಾತ್ರ ಬಲೆ ಬಿಡುತ್ತೇವೆ. ಮೀನಿಗೇನೂ ಕಮ್ಮಿ ಆಗಿಲ್ಲ.

ಬೈಕು ತಗೊಂಡು ದಂಡೆಯ ಕೆಸರಿನವರೆಗೆ ಬರುವ ಫೋಟೋದ ಹುಡುಗರಿಗೂ ಒಂದು ಮಾತು. ಹಾರುವ ಫೋಟೋ ಬೇಕು ಅಂತ ಹಗಲು ಅವುಗಳನ್ನು ಎಬ್ಬಿಸಬೇಡಿ. ರಾತ್ರಿ ಮೇಯ್ದು ಬಂದು ಮಲಗಿರುತ್ತವೆ.

ನಾಗಣಸೂರು ಮನೆ
ಜನವರಿ 6

ನಾನು ಮನೆಯಲ್ಲಿ ಮೂವತ್ತು ಜವಾರಿ ಕೋಳಿ ಸಾಕಿದ್ದೇನೆ. ಅದರ ಮೇಲೆ ಮಕ್ಕಳ ಶಾಲೆ ಖರ್ಚು ನಡೆಯುತ್ತದೆ. ಈ ಬಾತುಗಳಿಂದ ಹಕ್ಕಿಜ್ವರ ಬರುತ್ತದೆ ಅಂತ ನಮ್ಮೂರಲ್ಲಿ ಹೇಳುತ್ತಿದ್ದಾರೆ. ನಿಜ ಹೇಳಿ, ಮುಚ್ಚಿಡಬೇಡಿ.

ಹಿಪ್ಪರಗಾ ಹಕ್ಕಿ
ಜನವರಿ 6

ಅಕ್ಕಾ, ಮುಚ್ಚಿಡುವುದಿಲ್ಲ. ಈ ಹಕ್ಕಿಗೆ ಆ ರೋಗ ಬರುತ್ತದೆ, ಅದರಿಂದ ಬಹಳ ಸತ್ತಿವೆ ಕೂಡ. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ 6,000ಕ್ಕೂ ಹೆಚ್ಚು ಕಾಡು ಹಕ್ಕಿಗಳು ಸತ್ತವು. ಅದರಲ್ಲಿ ಹೆಚ್ಚಿನವು ಇವೇ. 2020ರ ಕೊನೆಗೆ, 2021ರ ಆರಂಭಕ್ಕೆ ಹಿಮಾಚಲದ ಪೊಂಗ್ ಜಲಾಶಯದಲ್ಲೂ ಸಾವಿರಾರು ಸತ್ತವು.

ಆದರೆ ಬಂದ ಬಾತುಗಳೆಲ್ಲ ರೋಗ ಹೊತ್ತು ಬಂದಿವೆ ಅಂತ ಅಲ್ಲ. ನೀವು ಮಾಡಬೇಕಾದದ್ದು ಇಷ್ಟು. ನಾಲ್ಕು ತಿಂಗಳು ಕೋಳಿಗಳನ್ನು ಡ್ಯಾಮಿನ ದಂಡೆಗೆ ಬಿಡಬೇಡಿ. ಡ್ಯಾಮಿನ ನೀರು ಕುಡಿಸಬೇಡಿ, ಬೋರಿನ ನೀರು ಕೊಡಿ. ದಂಡೆಗೆ ಹೋಗಿ ಬಂದವರು ಆ ಚಪ್ಪಲಿಯಲ್ಲಿ ಕೋಳಿಗೂಡಿಗೆ ಹೋಗಬಾರದು. ಸತ್ತ ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಪಶು ಆಸ್ಪತ್ರೆಗೆ ತಕ್ಷಣ ಹೇಳಿ. ಒಂದಕ್ಕಿಂತ ಹೆಚ್ಚು ಸತ್ತಿದ್ದರೆ ಗಂಟೆಯೂ ತಡ ಮಾಡಬೇಡಿ.

ಮಾಸ್ತರರೇ, ಹಿಕ್ಕೆಯನ್ನು ಕಡ್ಡಿಯಿಂದ ಒಡೆದು ನೋಡಿದಿರಿ ಅಂದಿರಲ್ಲ. ಇನ್ನು ಮೇಲೆ ಹಾಗೆ ಮಾಡಬೇಡಿ. ಮಾಡಿದರೂ ಸಾಬೂನಿನಿಂದ ಕೈ ತೊಳೆಯಿರಿ.

ಮಾಲದಂಡಿ
ಜನವರಿ 7

ಎಲ್ಲ ಓದಿದೆ. ಶಿರಹಟ್ಟಿಯವರ ಪ್ರಶ್ನೆ ನನ್ನ ಮನಸ್ಸಿಗೆ ನಾಟಿತು. ನನ್ನ ಹೊಲದಲ್ಲೂ ಬೋಳು ಮಾಡಿದ ಜಾಗ ಹಿಂದೆ ಹುಲ್ಲುಗಾವಲೇ. ನಾನೇ ಉಳುಮೆ ಮಾಡಿಸಿದ್ದು, ಸಾಲ ತೀರಿಸುವ ಆತುರಕ್ಕೆ. ಇದನ್ನು ಇಲ್ಲಿ ಬರೆಯಲು ಎರಡು ದಿನ ಯೋಚಿಸಿದೆ.

ಮಾಸ್ತರ, ನಿಮ್ಮ ಮಾವನಿಗೆ ಹೀಗೆ ಹೇಳಿ. ನೀರು ಇನ್ನೂ ಇಳಿಯುತ್ತದೆ. ಕಬ್ಬಿಗೆ ಮೋಟರು ಹಚ್ಚಿದವರು ಇದ್ದಾರೆ, ಬೇಗ ಇಳಿಯುತ್ತದೆ. ಹೊಸದಾಗಿ ಬಿಡುವ ನೆಲಕ್ಕೆ ಈ ಸಲ ಕುಂಟೆ ಹೊಡೆಯಬೇಡಿ. ಹಸಿ ನೆಲದಲ್ಲಿ ಎರಡು ಮೂರು ವಾರಕ್ಕೆ ಹುಲ್ಲು ಚಿಗುರುತ್ತದೆ. ಎಮ್ಮೆ ಬಿಡಿ. ಎಮ್ಮೆ ಮೇಯ್ದ ಹುಲ್ಲು ಗಿಡ್ಡ ಇರುತ್ತದೆ, ಎಳೆಯದಿರುತ್ತದೆ, ಬಾತಿಗೆ ಅದೇ ಇಷ್ಟ. ಹೋದ ಎರಡು ಗುಂಟೆಯನ್ನು ಮತ್ತೆ ಬಿತ್ತುವ ಗೋಜಿಗೆ ಹೋಗಬೇಡಿ.

ಆಮೇಲೆ ಕಡಲೆಯ ನೀರಿನ ಕಡೆಯ ಅಂಚಿಗೆ ಮಾತ್ರ ಗೂಟ ಹೊಡೆದು ಮೊಣಕಾಲೆತ್ತರಕ್ಕೆ ಎರಡು ಎಳೆ ಹಗ್ಗ ಕಟ್ಟಿ. ಹೊಳೆಯುವ ರಿಬ್ಬನ್ ಸಿಗುತ್ತದಲ್ಲ, ಗಣಪತಿ ಹಬ್ಬಕ್ಕೆ ಕಟ್ಟುವುದು, ಅದನ್ನು ಮೂರು ಮಾರಿಗೆ ಒಂದರಂತೆ ಇಳಿಬಿಡಿ. ಬಿಗಿಯಾಗಿ ಕಟ್ಟಿ, ಸಡಿಲ ಇದ್ದರೆ ಹಕ್ಕಿಯ ಕಾಲಿಗೆ ಸುತ್ತುತ್ತದೆ. ಇವು ಎಷ್ಟೋ ಸಲ ನೀರಿನಿಂದ ನಡೆದೇ ಹೊಲಕ್ಕೆ ಬರುತ್ತವೆ. ಹಗ್ಗ ಕಂಡರೆ ನಿಲ್ಲುತ್ತವೆ. ನಮ್ಮಲ್ಲಿ ಹೋದ ವರ್ಷ ಫಲ ಕೊಟ್ಟಿತು.

ಬೋರಿ ದಂಡೆ
ಜನವರಿ 27

ಇಷ್ಟು ದಿನ ಬರೆಯದೇ ಇದ್ದುದಕ್ಕೆ ಕ್ಷಮಿಸಿ. ಮಾಡಿ ನೋಡಿಯೇ ಬರೆಯಬೇಕು ಅನ್ನಿಸಿತು.

ಮಾವ ಮೊದಲು ಒಪ್ಪಲಿಲ್ಲ. ಕಾಕಾ ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ‘ನಾನೇ ಉಳುಮೆ ಮಾಡಿಸಿದ್ದು’ ಅನ್ನುವ ಮಾತು ಬಂದಾಗ ಸುಮ್ನೆ ಕೂತರು. ಮರುದಿನ ತಾವೇ ಗೂಟ ಕಡಿದು ತಂದರು. ಜನವರಿ 9ಕ್ಕೆ ಹಗ್ಗ ಕಟ್ಟಿದೆವು. ಮೊದಲ ಮೂರು ದಿನ ಬಾತುಗಳು ಅಲ್ಲಿಗೆ ಬಂದು ಹಗ್ಗದ ಆ ಕಡೆ ಸಾಲಾಗಿ ನಿಂತವು. ನಾಲ್ಕನೇ ದಿನ ಐದಾರು ಹಾರಿ ಒಳಗೆ ಇಳಿದವು. ಮಾವ ಬದುವಿನಲ್ಲಿ ಎದ್ದು ನಿಂತು ಟವೆಲ್ ಬೀಸಿದರು, ಹೋದವು. ಆಮೇಲೆ ಇಳಿದಿಲ್ಲ.

ನೀರು ಹಿಂದಕ್ಕೆ ಸರಿದ ಕಡೆ ಈಗ ಹಸಿರು ಹುಲ್ಲು ಬಂದಿದೆ. ನಿನ್ನೆ ನಮ್ಮ ಶಾಲೆಯಲ್ಲಿ ಧ್ವಜ ಏರಿಸಿದ ಮೇಲೆ ಏಳನೆಯ ತರಗತಿಯ 19 ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬದುವಿನ ಹಿಂದೆ ಕೂರಿಸಿ ಒಬ್ಬೊಬ್ಬರಿಗೆ ಎಣಿಸಲು ಹೇಳಿದೆ. ಹೆಚ್ಚಿನವರ ಲೆಕ್ಕ 70ರಿಂದ 80ರ ನಡುವೆ. ನನ್ನ ಲೆಕ್ಕ 76. ಒಬ್ಬ ಹುಡುಗಿ ನನ್ನ ಕಣ್ಣಿಗೆ ಬೀಳದ್ದನ್ನು ತೋರಿಸಿದಳು. ಪಟ್ಟೆ ಇಲ್ಲದ ಮರಿಗಳು ಸುಮ್ಮನೆ ಅಲ್ಲಲ್ಲಿ ಇಲ್ಲ, ಎರಡು ದೊಡ್ಡ ಹಕ್ಕಿಯ ನಡುವೆ ಮೂರು, ಇನ್ನೆರಡರ ನಡುವೆ ಎರಡು, ಹೀಗೆ ಮನೆ ಮನೆಯಾಗಿ ಮೇಯುತ್ತಿವೆ. ಬೇರೆ ಮನೆಯ ಮರಿ ಹತ್ತಿರ ಬಂದರೆ ದೊಡ್ಡದು ಕೊರಳು ನೆಲಕ್ಕೆ ಚಾಚಿ ಓಡಿಸುತ್ತದೆ.

ಪಕ್ಕದಲ್ಲೇ ನಾಲ್ಕು ಎಮ್ಮೆ ಮೇಯುತ್ತಿದ್ದವು. ಬಾತುಗಳು ಅವುಗಳಿಗೆ ಹೆದರಲೇ ಇಲ್ಲ.

ಹಿಪ್ಪರಗಾ ಹಕ್ಕಿ
ಜನವರಿ 27

ಮಾಸ್ತರರೇ, ಆ ಹುಡುಗಿಗೆ ನನ್ನ ಕಡೆಯಿಂದ ಒಂದು ದುರ್ಬೀನು ಕೊಡುತ್ತೇನೆ. ಹಳೆಯದು, ಆದರೆ ಗಾಜು ಚೆನ್ನಾಗಿದೆ. ಮುಂದಿನ ವಾರ ಬರುತ್ತೇನೆ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ. 1987ರಿಂದ ಇದೆ. ಮುಂದಿನ ವರ್ಷ ಆ ಮಕ್ಕಳೇ ಕುರನೂರಿನ ಎಣಿಕೆ ಮಾಡಲಿ.

ಬೋರಿ ದಂಡೆ
ಮಾರ್ಚ್ 14

ಹೋದವು. ಮೊನ್ನೆ 12ರ ಸಂಜೆ ಹೊತ್ತು ಮುಳುಗಿದ ಮೇಲೆ ಕೊನೆಯ 31 ಎದ್ದವು. ದಿನದ ಹಾಗೆ ದಂಡೆಗೆ ಇಳಿಯಲಿಲ್ಲ. ನೀರಿನ ಮೇಲೆ ಎರಡು ಸುತ್ತು ಹಾಕಿ, ಮೇಲೇರಿ, ಉತ್ತರಕ್ಕೆ ತಿರುಗಿದವು. ಕಾಣದಾದ ಮೇಲೂ ಸ್ವಲ್ಪ ಹೊತ್ತು ಕೂಗು ಕೇಳುತ್ತಿತ್ತು. ಮಾವ ನನ್ನ ಪಕ್ಕದಲ್ಲೇ ನಿಂತಿದ್ದರು. ಕುಡಿ ತಿಂದ ಗುಂಟೆಗಳ ಗಿಡವೂ ಉಳಿದ ಗಿಡಗಳ ಹಾಗೆಯೇ ಕಾಯಿ ಕೊಟ್ಟವು. ಆ ಎರಡು ಗುಂಟೆ ಮಾತ್ರ ಹೋಯಿತು. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ 12ರ ಮನೆಯೊಳಗೆ ಮಾವ ಪೆನ್ಸಿಲಿನಲ್ಲಿ ‘ಬಾತು ಹೋದವು’ ಅಂತ ಬರೆದರು. ಅದರ ಹಿಂದಿನ ಸಾಲಿನಲ್ಲಿ ‘ಎಮ್ಮೆ ಈಯಿತು’ ಅಂತ ಇದೆ.

ಮಾಲದಂಡಿ
ಮಾರ್ಚ್ 15

ಒಳ್ಳೆಯದಾಯಿತು ತಮ್ಮಾ. ಬಿಟ್ಟ ಹುಲ್ಲಿನ ಪಟ್ಟಿ ನೀರಿನಿಂದ ಎಷ್ಟು ಹೆಜ್ಜೆ ಇತ್ತು, ಬರೆದು ಹಾಕಿ. ನಮ್ಮೂರಲ್ಲಿ ನಾಲ್ಕು ಜನ ಕೇಳುತ್ತಿದ್ದಾರೆ. ಮುಂದಿನ ಹಿಂಗಾರಿಗೆ ಮುಂಚೆಯೇ ಗೂಟ ಹೊಡೆಯಬೇಕು.

ಬೋರಿ ದಂಡೆ
ಮಾರ್ಚ್ 15

ಕಾಕಾ, ಶುರುವಿಗೆ 40 ಹೆಜ್ಜೆ ಇತ್ತು. ಫೆಬ್ರವರಿ ಕೊನೆಗೆ ನೀರು ಸರಿದು 110 ಆಗಿತ್ತು. ಅಗಲಕ್ಕಿಂತ ಉದ್ದ ಮುಖ್ಯ ಅಂತ ನನಗೆ ಅನ್ನಿಸಿತು. ಅಕ್ಕಪಕ್ಕದ ಇಬ್ಬರು ಕೂಡ ಬಿಟ್ಟಿದ್ದರಿಂದ ಪಟ್ಟಿ ಒಂದೇ ಸಮ ಇತ್ತು. ನಿಮ್ಮೂರಲ್ಲೂ ನಾಲ್ಕು ಜನ ಒಟ್ಟಿಗೆ ಬಿಡಿ. ಗೂಟಕ್ಕೆ ಜಾಲಿ ಬೇಡ, ಬೇವು ಒಳ್ಳೆಯದು. ಜಾಲಿ ಮುಳ್ಳಿಗೆ ರಿಬ್ಬನ್ ಸಿಕ್ಕಿ ಹರಿಯುತ್ತದೆ.